ಶಹಾತನ ಒರೆಸುಬಟ್ಟೆ

ಆ ಹಾಳು ಒರೆಸುಬಟ್ಟೆ ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕೈರೋದ ಶುಬ್ರಾ ಬಡಾವಣೆಯ ನಮ್ಮ ಕಟ್ಟಡದ ಕೆಳಗೆ ಅಪ್ಪನ ಹಳೇ ಫಿಯೆಟ್ ನಿಂತಿದೆ. ತಿಳಿನೀಲಿ ಬಣ್ಣ, ಕಾರ್ಖಾನೆಯಲ್ಲಿ ಹಚ್ಚಿದ್ದೇ. ಸಾಯುವವರೆಗೂ ಅಪ್ಪ ಅದರ ಮೇಲೆ ಬೇರೆ ಬಣ್ಣ ಬೀಳಲು ಬಿಡಲಿಲ್ಲ. ಕಟ್ಟಡ ಕಾಯುವ ಮುದುಕ ಶಹಾತ ದಿನಾ ಬೆಳಗಿನ ನಮಾಜು ಮುಗಿಸಿ ಅದನ್ನು ಒರೆಸುತ್ತಾನೆ. ನೀರಿಲ್ಲ, ಸೋಪಿಲ್ಲ, ಮೆಟ್ಟಿಲು ಒರೆಸಿದ ಅದೇ ಬಟ್ಟೆ. ಕೈರೋದ ಧೂಳೆಂದರೆ ಮರಳು. ಅದನ್ನು ಒಣಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಬಾನೆಟ್ಟಿನ ತುಂಬ ಜೇಡರಬಲೆಯಂಥ ಗೀರು ಎಬ್ಬಿಸಿದ್ದ ಪುಣ್ಯಾತ್ಮ.

ಅಪ್ಪನ ವರ್ಷದ ದಿನ ಬರುವಷ್ಟರಲ್ಲಿ ಕಾರನ್ನು ಅವನು ತಂದ ದಿನದ ಹಾಗೆ ಮಾಡಬೇಕೆಂದು ನನಗೆ ಹಟ ಹಿಡಿಯಿತು. ಕಾರು ಪಾಲಿಶ್ ಮಾಡುವ ಫಿಕ್ರಿಯಿಂದ ಅವನ ಮೆಷಿನ್ ಎರವಲು ತಂದೆ. ಹಳೇ ಬಣ್ಣಕ್ಕೆ ಮೇಲೆ ಗಾಜಿನಂಥ ಪದರ ಇರುವುದಿಲ್ಲ, ಗೀರಿನ ಜೊತೆ ಬಣ್ಣವೇ ಸವೆಯುತ್ತದೆ, ಇದೊಂದು ಸಲ ತಡೆಯುತ್ತದೆ, ಇನ್ನೊಮ್ಮೆ ಉಜ್ಜಿದರೆ ಬಣ್ಣದಡಿ ಬಳಿದ ಬೂದು ಪ್ರೈಮರ್ ಕಾಣುತ್ತದೆ ಎಂದು ಅವನು ಸಾರಿ ಸಾರಿ ಹೇಳಿದ್ದ. ನಾನು ಪಾಠ ಹೇಳುವ ಶಾಲೆಗೆ ರಜೆ ಇದ್ದ ಶುಕ್ರವಾರಗಳೆಲ್ಲ ಅದಕ್ಕೇ ಹೋದವು. ಉಜ್ಜುವ ಸ್ಪಂಜು ನೀಲಿಯಾದಾಗಲೆಲ್ಲ ಮೆಷಿನ್ ನಿಲ್ಲಿಸಿ ಬೂದು ಕಂಡಿತೇ ಎಂದು ಬಗ್ಗಿ ನೋಡುತ್ತಿದ್ದೆ. ಕೊನೆಗೆ ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು. ಅತ್ತುಬಿಟ್ಟೆ.

ಶಹಾತನಿಗೆ ಕೈಮುಗಿದು ಹೇಳಿದೆ, ಇನ್ನು ಮುಟ್ಟಬೇಡಿ, ನಾನೇ ತೊಳೆಯುತ್ತೇನೆ ಎಂದು. ಆಗಲಿ ಎಂದ. ಮರುದಿನ ಬೆಳಗ್ಗೆ ಕೆಳಗಿನಿಂದ ಫಟ್ ಫಟ್ ಎಂದು ಬಟ್ಟೆ ಒದರುವ ಸದ್ದು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ನಿನ್ನೆ ತಾನೇ ಬಾಯಿ ಬಡ್ಕೊಂಡೆನಲ್ಲ ಕಾಕಾ, ಕಿವಿಗೆ ಏನಾಗಿದೆ ನಿಮ್ಗೆ?"

"ಧೂಳು ಕೂತಿತ್ತು ಸಫಿನಾಜಮ್ಮ. ಧೂಳು ಹಿಡಿದ ಗಾಡಿ ಮನೆಗೆ ಒಳ್ಳೇದಲ್ಲ."

"ಇನ್ನೊಂದ್ಸಲ ಮುಟ್ಟಿದ್ರೆ ನಾನು ಮನುಷ್ಯಳಾಗಿರಲ್ಲ, ನೋಡಿ."

ಬಟ್ಟೆ ಕಿತ್ತುಕೊಂಡೆ. ಬಾಲ್ಕನಿಗಳಲ್ಲೆಲ್ಲ ತಲೆಗಳು ಎದ್ದವು. ಬೇಯಿಸಿದ ಅವರೆ ಮಾರುವವನು ಸೌಟು ಹಿಡಿದೇ ನಕ್ಕ. ಶಹಾತ ತನ್ನ ಬೆಂಚನ್ನು ತಿರುಗಿಸಿ ಕಾರಿಗೆ ಬೆನ್ನು ಹಾಕಿ ಕೂತ. ಕೂರಲಿ, ನನಗೇನು.

ಆ ವಾರವೇ ಮರುಭೂಮಿಯ ಗಾಳಿ ಎದ್ದಿತು. ಕಾರು ಕಂದುಬಣ್ಣಕ್ಕೆ ತಿರುಗಿತು. ಗಾಳಿ ನಿಂತ ಮೇಲೆ ತೊಳೆದರಾಯಿತೆಂದು ಬಿಟ್ಟೆ. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅಮ್ಮ ಬಾಲ್ಕನಿಯಲ್ಲಿ ಕಪ್ಪು ಬಟ್ಟೆ ಉಟ್ಟು ಕೂತಿದ್ದಳು. ಬೆಳಗಿನ ರೊಟ್ಟಿ ಹಾಗೇ ಇತ್ತು.

"ಯಾರು ಹೋದ್ರು ಹೇಳೇ," ಎಂದಳು. "ಹಾತೆಮ್ ತಾನೇ?"

ಹಾತೆಮ್ ನನ್ನ ತಮ್ಮ, ಅಸ್ವಾನಿಗೆ ಲಾರಿ ಓಡಿಸುತ್ತಾನೆ. ಅವನಿಗೇನೂ ಆಗಿಲ್ಲ ಎಂದೆ.

"ಮುಚ್ಚಿಡ್ಬೇಡ ಕಣೇ. ನಿಮ್ಮಪ್ಪ ಹೋದಾಗ ಶಹಾತ ನಲವತ್ತರ ದಿನದವರೆಗೂ ಗಾಡಿ ಮುಟ್ಲಿಲ್ಲ. ಈಗ ಮತ್ತೆ ಮುಟ್ತಿಲ್ಲ. ಯಾಕೆ ಅಂತ ಕೂಗಿ ಕೇಳಿದ್ರೆ ತಲೆ ತಗ್ಗಿಸ್ತಾನೆ."

ನಿಜ. ಆಗ ಇಡೀ ಬೀದಿಗೆ ನಮ್ಮ ಮನೆಯ ಸಾವನ್ನು ಹೇಳಿದ್ದು ಆ ಕಾರಿನ ಧೂಳೇ. ಅದನ್ನು ನಾನು ಹೇಗೆ ಮರೆತೆನೋ. ಹಾತೆಮ್‌ಗೆ ಫೋನ್ ಮಾಡಿದರೆ ಹತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಸಂಜೆಗೆ ಆ ಕತ್ತೆಯೇ ಫೋನ್ ಮಾಡಿ, ಊಟಕ್ಕೆ ಲಾರಿ ನಿಲ್ಲಿಸಿದ್ದೇನೆ, ಏನು ಗಲಾಟೆ ಎಂದು ಕೇಳಿತು. ಅಮ್ಮ ಫೋನನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಇಟ್ಟ ಮೇಲೂ, ಒರೆಸಬೇಡವೆಂದದ್ದು ನಾನೇ ಎಂದರೂ ನಂಬದೆ, ಮೆಲ್ಲಗೆ ಕೇಳಿದಳು, "ಮತ್ತೆ ಆ ಧೂಳು ಯಾಕೆ?"

ಸಿಟ್ಟು ನೆತ್ತಿಗೇರಿತು. ಶಹಾತನ ಮೇಲೆ, ಅಪ್ಪನ ಮೇಲೆ, ನನ್ನ ಮೇಲೆ. ಬಟ್ಟೆ ತೆಗೆದುಕೊಂಡು ಹೋಗಿ ಮುದುಕನ ಮಡಿಲಿಗೆ ಎಸೆದೆ.

"ನಾಳೆಯಿಂದ ಒರೆಸಿ. ಅಮ್ಮಂಗೆ ಕೇಳೋ ಹಾಗೆ ಒದರಿ."

ಈಗ ದಿನಾ ಬೆಳಗ್ಗೆ ಫಟ್ ಫಟ್. ಪಾಲಿಶ್ ಆದ ಮೇಲೆ ಹೊಳಪು ಜಾಸ್ತಿಯಾಗಿದೆಯೆಂದು ಮುದುಕ ಹುರುಪಿನಿಂದ ಇನ್ನೂ ಒತ್ತಿ ತಿಕ್ಕುತ್ತಾನೆ. ಬಾನೆಟ್ಟಿನ ಅಂಚಿನಲ್ಲಿ ಬೂದು ಪ್ರೈಮರ್ ಆಗಲೇ ಇಣುಕಿದೆ. ನಾನು ಒಳಗೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತೇನೆ. ಅಮ್ಮ ಆ ಸದ್ದು ಕೇಳಿದ ಮೇಲೆಯೇ ರೊಟ್ಟಿ ಮುರಿಯುತ್ತಾಳೆ.