ಪಾಪಮ್ಮನ ಗುಲಾಬಿ, ನಂಜೇಶನ ಕತ್ತರಿ

ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರೂ ಕೂಡುತ್ತವೆ ಎಂದು ಲೋಕವೆಲ್ಲ ನಂಬಿದೆ. ತಿ. ನರಸೀಪುರದವರಿಗೆ ಮಾತ್ರ ನಾಲ್ಕನೆಯದೂ ಗೊತ್ತು: ನರ್ಸರಿ ನಂಜೇಶನ ಬಾಯಿ. ಅದು ಯಾವ ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಅವನು ಕಸಿ ಕಟ್ಟಿದರೆ ನೂರಕ್ಕೆ ನೂರಹತ್ತು ಹಿಡಿಯುತ್ತವೆ. ಒಂದರ ಚಿಗುರುಗಣ್ಣು ಬಿಡಿಸಿ ಇನ್ನೊಂದರ ತೊಗಟೆಯೊಳಗೆ ಅವನು ಕೂರಿಸಿದ ಗುಲಾಬಿಗಳು ದಿಲ್ಲಿಯ ಬಂಗಲೆಗಳಲ್ಲೆಲ್ಲ ಅರಳುತ್ತಿವೆ. ಒಮ್ಮೆ ಮುದುಕ ಹುಚ್ಚಯ್ಯನ ಊರುಗೋಲಿಗೆ ಕಣ್ಣು ಕೂರಿಸಿದ್ದ. ಮೂರನೇ ವಾರ ಆತ ಸಂತೆಗೆ ನಡೆದು ಹೋಗುತ್ತಿರುವಾಗಲೇ ಕೋಲು ಮೊಗ್ಗು ಬಿಟ್ಟಿತಂತೆ. ಇದನ್ನು ಹುಚ್ಚಯ್ಯ ಇವತ್ತಿನವರೆಗೂ ಅಲ್ಲಗಳೆದಿಲ್ಲ, ಯಾಕೆಂದರೆ ಆತನಿಗೆ ಕಿವಿ ಕೇಳಿಸುವುದಿಲ್ಲ.

ಇಂಥ ನಂಜೇಶ ಅಕ್ಟೋಬರಿನ ಒಂದು ಭಾನುವಾರ ಬೆಳಗ್ಗೆ ನಂಜನಗೂಡಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಬಾಯಿ ಬಿಡಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಕಂಡಕ್ಟರನಿಗೇ ಗಾಬರಿಯಾಯಿತು.

"ಯಾಕ್ ಸಾ, ಉಷಾರಿಲ್ವಾ?"

"ಅಲ್ಲುನೋವು ಕಣಪ್ಪಾ."

ಮೂವತ್ತೆರಡು ಹಲ್ಲೂ ಗಟ್ಟಿಯಾಗಿದ್ದವು. ನೋಯುತ್ತಿದ್ದದ್ದು ತೊಡೆಯ ಮೇಲಿನ ಚೀಲ. ಅದರಲ್ಲಿ ಕತ್ತರಿ, ಕಸಿ ಚಾಕು, ಪ್ಲಾಸ್ಟಿಕ್ ಪಟ್ಟಿ ಇದ್ದವು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಗುಲಾಬಿ ಕಡ್ಡಿಯೊಂದಿತ್ತು. ಕಡ್ಡಿಯಲ್ಲಿ ನಾಲ್ಕು ಕಣ್ಣು. ಅದನ್ನು ಎಲ್ಲಿಂದ ಕದ್ದಿದ್ದನೋ ಅಲ್ಲಿಗೇ, ಯಾರಿಗೂ ತಿಳಿಯದ ಹಾಗೆ, ವಾಪಸು ಸೇರಿಸಲು ಹೊರಟಿದ್ದ.

ಗಿಡ ಕೋಮಲಳದು. ಕೋಮಲ ನಂಜನಗೂಡಿನಲ್ಲಿ ಅಂಚೆ ಕಚೇರಿಯ ನೌಕರಿಯವಳು, ನಂಜೇಶನನ್ನು ಅಣ್ಣ ಎಂದು ಕರೆಯುವವಳು. ಅವಳ ಅಕ್ಕ ಪಾಪಮ್ಮ ಕೂನೂರಿನ ಟೀ ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತು ವರ್ಷ ತೋಟ ನೋಡಿಕೊಂಡವಳು. ಬಂಗಲೆ ಮಾರಾಟವಾದಾಗ ಅಲ್ಲಿನ ದೊರೆಸಾನಿ, ನಿನಗೇನು ಬೇಕು ಎಂದು ಕೇಳಿದ್ದಕ್ಕೆ ಪಾಪಮ್ಮ ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ, ಒಂದು ಗುಲಾಬಿ ಗಿಡ ಕೇಳಿದಳು. ಕಾಯಿಲೆ ಬಿದ್ದಾಗ ಅದನ್ನು ತಂಗಿಗೆ ಕೊಟ್ಟಳು. ಕೋಮಲ ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಘಾಟಿಯ ತಿರುವುಗಳಲ್ಲಿ ಮೂರು ಸಲ ತಾನು ವಾಂತಿ ಮಾಡಿಕೊಂಡರೂ ಗಿಡವನ್ನು ಅಲುಗಿಸದೆ ತಂದಿದ್ದಳು. ಮುಂದಿನ ಮಳೆಗಾಲಕ್ಕೆ ಪಾಪಮ್ಮ ಇರಲಿಲ್ಲ.

ಗಿಡ ಮಾತ್ರ ನಂಜನಗೂಡಿನ ಬಿಸಿಲಿಗೆ ಬಗ್ಗಲಿಲ್ಲ. ಎಳೆ ಚಿಗುರು ಮಾವಿನ ಚಿಗುರಿನಂತೆ ತಾಮ್ರದ ಬಣ್ಣಕ್ಕೆ ಬಂದು ಆಮೇಲೆ ಹಸಿರಾಗುತ್ತಿತ್ತು. ಮುಳ್ಳು ಕಡಿಮೆ. ಕೊಂಬೆ ನೆಟ್ಟಗೆ ನಿಲ್ಲದೆ ಬಿಲ್ಲಿನಂತೆ ಬಾಗುತ್ತಿತ್ತು. ಮೊಗ್ಗು ಕೆಂಡದ ಬಣ್ಣ. ಅರಳಿದರೆ ಗುಂಡನೆಯ ಬಟ್ಟಲು. ಎಸಳಿನ ಒಳಮೈ ಒಂದು ಬಣ್ಣ, ಬೆನ್ನು ಹೊಂಬಣ್ಣ, ಹಾಗಾಗಿ ಗಾಳಿ ಬೀಸಿದಾಗ ಹೂವಿನೊಳಗೆ ಯಾರೋ ದೀಪ ಹಚ್ಚಿ ಆರಿಸಿದಂತೆ ಕಾಣುತ್ತಿತ್ತು. ಒಂದೊಂದು ಹೂವಿಗೆ ಸಾವಿರ ಎಸಳು ಎಂದು ನಂಜೇಶ ಹೇಳುತ್ತಿದ್ದ. ಉದುರಿದ್ದನ್ನು ಗುಡ್ಡೆ ಹಾಕಿ ಎಣಿಸಿದ್ದ ಕೋಮಲ, ಅರವತ್ತೆರಡು ಎನ್ನುತ್ತಿದ್ದಳು. ವಾಸನೆಯಂತೂ ಲವಂಗ ಹಾಕಿ ಕುದಿಸಿದ ಟೀ ಡಿಕಾಕ್ಷನ್ನಿನದು. ಬೀದಿಯಲ್ಲಿ ಹೋಗುವವರು ಮೂಗೆತ್ತಿ, ಮನೆಯೊಳಗೆ ನೆಂಟರು ಬಂದಿದ್ದಾರೆಂದು ಭಾವಿಸುತ್ತಿದ್ದರು. ಅರಳಿದ ಮೊದಲ ಹೂವು ನಡುಮನೆಯ ಬುದ್ಧನ ಮುಂದೆ, ಎರಡನೆಯದು ಪಾಪಮ್ಮನ ಫೋಟೋಗೆ.

ಬಣ್ಣಕ್ಕೆ ಹೆಸರು ಹೇಳುವುದರಲ್ಲೇ ಎಡವಟ್ಟು. ಗಿಡಕ್ಕೆ ಕಟ್ಟಿದ್ದ ಇಂಗ್ಲಿಷ್ ಚೀಟಿಯಲ್ಲಿ ಹೆಸರೆಲ್ಲ ಅಳಿಸಿ 'ಏಪ್ರಿಕಾಟ್' ಎಂಬ ಒಂದೇ ಪದ ಉಳಿದಿತ್ತು. ಹಾಗೆಂದರೇನು ಎಂದು ನೋಡಲು ನಂಜೇಶ ಮೈಸೂರಿನ ಮಾರ್ಕೆಟ್ಟಿನಲ್ಲಿ ಒಣಗಿದ ಏಪ್ರಿಕಾಟ್ ಕೊಂಡು ತಂದ. ಕಂದುಬಣ್ಣಕ್ಕೆ ತಿರುಗಿ, ಮುದುರಿಕೊಂಡು, ನೋಡುವ ಹಾಗಿರಲಿಲ್ಲ. "ಇಂಗ್ಲಿಷ್ನೋರಿಗೆ ಕಣ್ಣೇ ಸರಿಯಿಲ್ಲ ಕಣ್ರೀ," ಎಂದು ತೀರ್ಪು ಕೊಟ್ಟ. "ಇದು ಪರಂಗಿ ಅಣ್ಣಿನ ಬಣ್ಣ."

ಆ ಹೂವು ನೋಡಿದ ದಿನದಿಂದಲೇ ಅವನಿಗೆ ನಿದ್ದೆಯಿಲ್ಲ. ಊರಿಗೆ ಬಂದವನೇ ಟೀ ಅಂಗಡಿಯಲ್ಲಿ, ತನ್ನ ಹೆಸರಿಗೆ ಇಂಗ್ಲೆಂಡಿನಿಂದ ವಿಮಾನದಲ್ಲಿ ಒಂದು ಗುಲಾಬಿ ಬರುತ್ತಿದೆ ಎಂದು ಸಾರಿಬಿಟ್ಟ. ವಿಮಾನದಲ್ಲಿ ಬರುವ ಗಿಡವನ್ನು ಕೋಮಲಳ ಹತ್ತಿರ ಕೇಳಿ ಪಡೆಯುವುದು ಹೇಗೆ? ಕೇಳಿದ್ದರೆ ಕೊಡುತ್ತಿದ್ದಳು. ಅದೇ ತೊಂದರೆ: ಕೊಟ್ಟವಳ ಹೆಸರೂ ಹೇಳಬೇಕಾಗುತ್ತಿತ್ತು. ಅದೂ ಅಲ್ಲದೆ, ಕದ್ದು ತಂದ ಕಡ್ಡಿ ಕೇಳಿ ತಂದದ್ದಕ್ಕಿಂತ ಜೋರಾಗಿ ಚಿಗುರುತ್ತದೆಂದು ನಂಬಿ ಈ ಸೀಮೆಯಲ್ಲಿ ಎಂಥೆಂಥ ಮರ್ಯಾದಸ್ಥ ಹೆಂಗಸರೂ ಕಾಂಪೌಂಡಿನಾಚೆ ಕೈಚಾಚಿ ಒಂದು ತುಂಡು ಮುರಿದುಕೊಳ್ಳುವವರೇ. ಒಂದು ತುಂಡು, ಅಷ್ಟೇ.

ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಗಿಡ ಸವರಲು ಕೋಮಲ ಕರೆದಳು. ಅವಳು ಕಾಫಿ ಮಾಡಲು ಒಳಗೆ ಹೋದಳು. ನಂಜೇಶ ಅರ್ಧ ಸವರಬೇಕಾದ ಗಿಡವನ್ನು ಮೂರು ಬೆರಳು ಉಳಿಸಿ ಕತ್ತರಿಸಿದ. ಹನ್ನೊಂದು ಕಡ್ಡಿ. ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕಿಟ್ಟು, ಕಾಫಿ ಕುಡಿದು, ಬಸ್ಸು ಹತ್ತಿದ.

ಮೂವತ್ತು ಕಣ್ಣು ಕೂರಿಸಿದ. ಹಿಡಿದದ್ದು ಒಂದು.

"ನೂರಕ್ಕೆ ನೂರಹತ್ತು ಅಂತಿದ್ರಲ್ಲ," ಎಂದಳು ಹೆಂಡತಿ ಶ್ವೇತ. "ಮಿಕ್ಕ ಇಪ್ಪತ್ತೊಂಬತ್ತು ವಿಮಾನ ತಪ್ಪಿಸ್ಕೊಂಡ್ವಾ?"

ಹಿಡಿದ ಒಂದಕ್ಕೆ 'ನಂಜೇಶ್ ಗೋಲ್ಡ್' ಎಂದು ಬೋರ್ಡು ಬರೆಸಿ, ಹಸಿರು ನೆರಳುಬಲೆಯ ಹಿಂದೆ ರಾಜಕುಮಾರಿಯ ಹಾಗೆ ಇಟ್ಟ.

ಇತ್ತ ಕೋಮಲಳ ಅಂಗಳದಲ್ಲಿ, ಉಳಿಸಿದ್ದ ಮೂರು ಬೆರಳು ತುದಿಯಿಂದ ಕಪ್ಪಾಗುತ್ತಾ ಬಂದು ಕಸಿಯ ಗಂಟಿನವರೆಗೂ ಸತ್ತಿತು. ಗಂಟಿನ ಕೆಳಗಿದ್ದದ್ದು ಕಾಡುಗುಲಾಬಿಯ ಬುಡ. ಮೇಲಿದ್ದವಳು ಹೋದದ್ದೇ ತಡ, ಅದು ಸೊಕ್ಕಿ ಎದ್ದಿತು.

"ನಂಜೇಶಣ್ಣ, ನಿಮ್ಮ ಕೈಗುಣ ಬಂದು ನೋಡಿ, ನನ್ನೆತ್ತರ ಆಗೋಗಿದೆ!" ಎಂದು ಕೋಮಲ ವಾರವಾರ ಫೋನು ಮಾಡಿದಳು. ಪ್ರತಿ ಫೋನು ಇಟ್ಟ ಮೇಲೂ ನಂಜೇಶ ನೆರಳುಬಲೆಯ ಹಿಂದೆ ಹೋಗಿ ಆ ಒಂದು ಗಿಡವನ್ನು ನೋಡಿ ಬರುತ್ತಿದ್ದ. ಫೆಬ್ರವರಿಯಲ್ಲಿ ಹೂವು ಬಂತು: ಬೊಗಸೆ ತುಂಬ ಸಣ್ಣಸಣ್ಣ ಗುಲಾಬಿಬಣ್ಣದ್ದು, ವಾಸನೆಯಿಲ್ಲದ್ದು.

"ಬಣ್ಣ ಯಾಕೆ ಇಂಗಾಯ್ತಣ್ಣ?"

ಆಗ ನಿಜ ಹೇಳಬಹುದಿತ್ತು. ಬಾಯಿಗೆ ಅಭ್ಯಾಸವಿರಲಿಲ್ಲ.

"ನೀರು ಕಣಮ್ಮ," ಎಂದ. "ಇಂಗ್ಲೆಂಡಿನ ಗಿಡ. ಕಪಿಲಾ ನೀರು ಕುಡಿದು ಬಣ್ಣ ಬಿಟ್ಟೈತೆ. ಸರಿಹೋಯ್ತದೆ."

ಈ ಸುಳ್ಳನ್ನು ಅವನು ಮರುದಿನವೇ ಮರೆತ. ಎಂಟು ತಿಂಗಳ ನಂತರ, ಈಗ, ಬಸ್ಸಿಳಿದು ಕೋಮಲಳ ಬೀದಿಗೆ ತಿರುಗಿದಾಗ ಅದು ಎದುರಿಗೆ ಬಂತು. ಸ್ಕೂಟರಿನ ಮುಂದುಗಡೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಅದನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಕೋಮಲ ಗೇಟಿನ ಮುಂದೆ ನಿಲ್ಲಿಸಿದಳು. ಇಳಿಸುವಾಗ ಬಲಭುಜ ಹಿಡಿದುಕೊಂಡು ಮುಖ ಕಿವುಚಿದಳು.

"ಕುಡಿಯೋಕಾ?" ಎಂದ ನಂಜೇಶ, ಉತ್ತರ ಬೇಡವಾಗಿದ್ದರೂ.

"ನಾವು ನಲ್ಲಿ ನೀರೇ ಕುಡಿಯೋದು. ಇದು ಗಿಡಕ್ಕೆ. ನೀವೇ ಏಳಿದ್ರಲ್ಲಣ್ಣ, ಒಳೆ ನೀರು ಆಗಲ್ಲ ಅಂತ. ಫಿಲ್ಟರ್ ನೀರು ದಿನ ಬಿಟ್ಟು ದಿನ ತತ್ತೀನಿ. ಭುಜ ಒಂದು ಇಡ್ಕೊಂಡಿದೆ, ಅಷ್ಟೇ."

ನಂಜೇಶ ಕ್ಯಾನು ಎತ್ತಿಕೊಂಡ. ಹಿಮಾಲಯವನ್ನೇ ಎತ್ತಿದ ಹಾಗೆ ಭಾರವಾಗಿತ್ತು. ದಿನ ಬಿಟ್ಟು ದಿನ, ಎಂಟು ತಿಂಗಳು. ಉತ್ಪ್ರೇಕ್ಷೆ ಮಾಡಲು ಇಲ್ಲಿ ಜಾಗವೇ ಇರಲಿಲ್ಲ.

ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಉಪಾಯ ಸೊಗಸಾಗಿತ್ತು. ಕಾಡುಚಿಗುರಿನ ತೊಗಟೆಯನ್ನು ಸೀಳಿ, ನೆರಳುಬಲೆಯ ಗಿಡದಿಂದ ಕತ್ತರಿಸಿ ತಂದ ಕಡ್ಡಿಯ ಕಣ್ಣುಗಳನ್ನು ಒಳಗೆ ಕೂರಿಸಿ ಪಟ್ಟಿ ಸುತ್ತಿದರೆ, ಎರಡು ಮೂರು ತಿಂಗಳಲ್ಲಿ ಅದೇ ಬಣ್ಣ ವಾಪಸು. ಕಳವು ಮುಚ್ಚಿಹೋಗುತ್ತದೆ, ಮೇಲಿಂದ ನಂಜೇಶನ ಕೈಗುಣ ಎಂಬ ಹೆಸರು ಬೇರೆ.

"ಇದೇನು ಮಾಡ್ತಿದೀರಿ?"

"ಒಂದು ಔಷಧಿ ಕಟ್ತಾ ಇವ್ನಿ. ಮೂರು ವಾರ ಮುಟ್ಬೇಡಿ."

ಮೊದಲ ಕಣ್ಣು ಕೂರಿಸಿದ. ಕೋಮಲ ಕಾಫಿ ತಂದು ಪಕ್ಕದಲ್ಲಿಟ್ಟು, ನೀರಿನ ಕ್ಯಾನಿನ ಮೇಲೆ ಕೂತಳು. ಭುಜ ಒತ್ತಿಕೊಳ್ಳುತ್ತಾ ಹೇಳಿದಳು:

"ಅಕ್ಕ ಗಿಡ ಕೊಡ್ವಾಗ ಒಂದೇ ಮಾತು ಏಳಿದ್ಲು ನಂಜೇಶಣ್ಣ. ಬುಡದಿಂದ ಗೊಂಚಲಿಗೆ ಏಳೆಲೆ ಇರೋ ಚಿಗುರು ಬಂದ್ರೆ ಕಿತ್ತಾಕು, ಅದು ಕಾಡಿಂದು, ನನ್ನ ಗಿಡಾನ ತಿಂದಾಕತ್ತೆ ಅಂತ. ಡಿಸೆಂಬರಲ್ಲಿ ಎಣಿಸ್ದೆ. ಏಳಿತ್ತು. ನಿಮಗೆ ಫೋನ್ ಮಾಡಿ ಕೇಳ್ದೆ, ನೆನಪಿದ್ಯಾ?"

ನೆನಪಿತ್ತು. ಎಲೆ ಎಣಿಸ್ಕಂಡು ಕೂರ್ಬೇಡಿ, ಇಂಗ್ಲೆಂಡಿನ ಗಿಡಕ್ಕೆ ನಮ್ಮ ಲೆಕ್ಕ ನಡೆಯಲ್ಲ ಎಂದಿದ್ದ. ಕೀಳಲು ಹೇಳಿದ್ದರೆ ಅವಳಿಗೆ ಬರಿ ಮಣ್ಣು ಕಾಣುತ್ತಿತ್ತು, ಅದಕ್ಕೆ.

"ನಿಮ್ಮನ್ನ ಅಂತಿಲ್ಲ," ಎಂದಳು ಕೋಮಲ. "ನಾನೇ ಏನೋ ತಪ್ಪು ಮಾಡಿದೀನಿ. ಮೂವತ್ತು ವರ್ಷ ಸಾಕಿದ್ಲು ಅವಳು, ನನ್ನ ಕೈಲಿ ಎರಡು ವರ್ಷಕ್ಕೆ ಸತ್ತೋಯ್ತು. ಅವಳ ಫೋಟೋ ಮುಂದೆ ಈ ಹೂ ಇಡೋಕೆ ನಾಚ್ಕೆ ಆಯ್ತದೆ. ನಾನೇ ಕೊಂದೆ ಕಣಣ್ಣ."

ನಂಜೇಶನ ಕೈಯಲ್ಲಿ ಚಾಕು ನಿಂತಿತು.

"ನೀವು ಕೊಂದಿಲ್ಲ."

"ಸಮಾಧಾನಕ್ಕೆ ಏಳ್ಬೇಡಿ."

"ನಾನು ಕೊಂದೆ. ಓದೊರ್ಷ. ಕಡ್ಡಿ ಬೇಕಾಗಿತ್ತು... ಒಂದಷ್ಟು ಕಡ್ಡಿ ತಗಂಡೆ."

"ಎಷ್ಟು?"

"ಅನ್ನೊಂದು."

ಹುಟ್ಟಿದಂದಿನಿಂದ ಅವನು ಕೊಟ್ಟ ಮೊದಲ ಸರಿಯಾದ ಲೆಕ್ಕ ಅದಿರಬೇಕು. ಕೋಮಲ ಗಿಡವನ್ನು ನೋಡಿದಳು, ಚೀಲವನ್ನು ನೋಡಿದಳು, ಒದ್ದೆ ಬಟ್ಟೆಯನ್ನು ನೋಡಿದಳು.

"ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ."

"ಮತ್ತೆ?"

ನಾಲ್ಕನೇ ನದಿ ಬತ್ತಿಹೋಗಿತ್ತು.

"ಈ ನೀರು?"

"ಸುಳ್ಳು. ನಲ್ಲಿ ನೀರೇ ಸಾಕಾಗಿತ್ತು. ನಮ್ಮೂರ್ಗೂ ಇದೇ ಒಳೆ ಬರೋದು. ಅದೇ ನೀರು ಕುಡಿದು ಅಲ್ಲಿ..." ಎಂದವನು ನುಂಗಿಕೊಂಡ.

"ಅಲ್ಲಿ ಹೂ ಬಿಟ್ಟಿದೆ," ಎಂದು ಕೋಮಲಳೇ ಮುಗಿಸಿದಳು. "ಅದೇ ಬಣ್ಣ?"

"ಅದೇ ಬಣ್ಣ. ಅದೇ ವಾಸ್ನೆ."

"ಏನಂತ ಹೆಸರಿಟ್ಟಿದೀರಿ?"

ಇಷ್ಟು ಹೊತ್ತಿನದೆಲ್ಲವೂ ಒಂದು ತೂಕ, ಇದೊಂದು ಪ್ರಶ್ನೆಯೇ ಒಂದು ತೂಕ. ನೆಲ ನೋಡುತ್ತಾ ಹೇಳಿದ. "ನಂಜೇಶ್ ಗೋಲ್ಡ್."

ಕೋಮಲ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನು ಬೇರೆ ಏನಾದರೂ ಹೇಳಿ ಬದುಕಿಕೊಳ್ಳುತ್ತಿದ್ದ. ಅವನು ಚೀಲ ಎತ್ತಿಕೊಂಡು ಏಳಲು ಹೋದಾಗ ತಡೆದಳು.

"ಕೂತ್ಕೊಳಿ. ಆ ಕಣ್ಣು ಕಟ್ಟಿ ಮುಗಿಸಿ. ಅದೇನು ತಪ್ಪು ಮಾಡಿದೆ?"

ನಾಲ್ಕೂ ಕಣ್ಣು ಕಟ್ಟಿದ. ಅವಳು ಪಕ್ಕದಲ್ಲೇ ನಿಂತು ಪ್ರತಿಯೊಂದು ಗಂಟನ್ನೂ ನೋಡಿದಳು. ಕಾಫಿ ಕೆನೆಗಟ್ಟಿ ಹಾಗೇ ಉಳಿಯಿತು. ಕುಡಿಯಿರಿ ಎಂದು ಅವಳು ಹೇಳಲಿಲ್ಲ. ಗೇಟಿನ ಹತ್ತಿರ ಮಾತ್ರ ಒಂದು ಮಾತು ಹೇಳಿದಳು.

"ನಾಳೆ ಗಿಡ ಬರ್ಬೇಕು. ನೀವು ಬರ್ದಿದ್ರೂ ಪರ್ವಾಗಿಲ್ಲ."

ಮನೆಯಲ್ಲಿ ಶ್ವೇತ ಮುಖ ನೋಡಿದವಳೇ, "ಕೊನೆಗೂ ಏಳ್ಬುಟ್ರಾ?" ಎಂದಳು. ಬೋರ್ಡನ್ನು ಅವಳೇ ಕಿತ್ತು ಒಲೆಯ ಪಕ್ಕ ಹಾಕಿದಳು. "ಯಾರ ಕೈಲಾದ್ರೂ ಕಳಿಸಿ, ನೀವು ಯಾವ ಮುಖ ಇಟ್ಕೊಂಡು ಓಗ್ತೀರಿ?"

ಯಾರ ಕೈಲಿ ಎಂದು ನಂಜೇಶ ಯೋಚಿಸಿದ. ಆ ಗಿಡವನ್ನು ಅಲುಗಿಸದೆ ಒಯ್ಯುತ್ತಾರೆಂದು ನಂಬಬಹುದಾದ ಒಬ್ಬನೂ ನೆನಪಿಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಅದೇ ಬಸ್ಸು, ಅದೇ ಕಂಡಕ್ಟರ್. ನಂಜೇಶ ಕುಂಡವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿ ಕೂತಿದ್ದ. ಗಿಡದಲ್ಲಿ ಮೂರು ಹೂವು. ವಾಸನೆಗೆ ಮುಂದಿನ ಸೀಟಿನ ಹೆಂಗಸರೆಲ್ಲ ತಿರುಗಿದರು.

"ಅಬ್ಬಬ್ಬಾ, ಎಂಥಾ ಬಣ್ಣ ಸಾ!" ಎಂದ ಕಂಡಕ್ಟರ್. "ಇದೇ ಏನು ವಿಮಾನದಲ್ಲಿ ಬಂದದ್ದು? ನೀವೇ ಬೆಳೆಸಿದ್ದಾ?"

"ಅಲ್ಲ," ಎಂದ ನಂಜೇಶ. "ಕದ್ದಿದ್ದು. ವಾಪಸ್ ಕೊಡೋಕೆ ಓಯ್ತಾ ಇವ್ನಿ."

ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಡಿ ಸಾ, ನಿಮ್ಮ ಬುರುಡೆ ನಮಗ್ಗೊತ್ತಿಲ್ವಾ!" ಎಂದು ಹಿಂದಿನ ಸೀಟಿನವರಿಗೂ ಕೂಗಿ ಹೇಳಿದ. ಅರ್ಧ ಬಸ್ಸೇ ನಕ್ಕಿತು.

ನಿಜ ಕಣಪ್ಪಾ ಎಂದು ನಂಜೇಶ ಇನ್ನೊಂದು ಸಲ ಹೇಳಿದ. ಯಾರೂ ನಂಬಲಿಲ್ಲ. ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿದಾಗ ದೊಡ್ಡ ಹೂವು ಒಮ್ಮೆಗೇ ಬಿಚ್ಚಿಕೊಂಡು ಎಸಳೆಲ್ಲ ತೊಡೆಯ ಮೇಲೆ, ಸೀಟಿನ ಕೆಳಗೆ ಚೆಲ್ಲಿತು. ಅವನು ಒಂದು ಕೈಯಲ್ಲಿ ಕುಂಡ ಹಿಡಿದುಕೊಂಡೇ ಬಗ್ಗಿ, ಎದುರಿನವರ ಚಪ್ಪಲಿಗಳ ನಡುವಿನಿಂದ ಒಂದೊಂದಾಗಿ ಎತ್ತಿ, ಎಣಿಸುತ್ತಾ ಅಂಗಿಯ ಜೇಬಿಗೆ ಹಾಕಿಕೊಂಡ. ಅವೂ ಕೋಮಲಳವೇ. ಅರವತ್ತೊಂದಾಯಿತು. ಇನ್ನೊಂದಕ್ಕೆ ನಂಜನಗೂಡು ಬರುವವರೆಗೂ ಹುಡುಕುತ್ತಲೇ ಇದ್ದ.