ಎತ್ತರದ ಬಾಗಿಲು, ಗಿಡ್ಡ ಬಾಗಿಲು

ನಾರ್‌ಫೋಕ್ ಎಂಬ ಇಂಗ್ಲೆಂಡಿನ ಸೀಮೆಯ ಒಂದು ಊರಿನಲ್ಲಿ ಜಹಗೀರುದಾರನ ಮನೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ತೆನೆ ಒಟ್ಟಿ ಬಡಿಯಲು ಅವನು ಕಟ್ಟಿಸಿದ ಕಣದಮನೆ ಮಾತ್ರ ನಿಂತಿತ್ತು. ಪುಣ್ಯಾತ್ಮ ತಾನು ಮರ-ಮಣ್ಣಿನ ಗೋಡೆಗಳ ನಡುವೆ ಮಲಗಿ, ಗೋಧಿಯನ್ನು ಇಟ್ಟಿಗೆಯ ಗೋಡೆಗಳ ನಡುವೆ ಮಲಗಿಸಿದ್ದ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಯೇ ಈಗಿನ ಬಾತುಕೊಳ. ಮೆಟ್ಟಿಲುಮೆಟ್ಟಿಲಾಗಿ ಏರುವ ತುದಿಗೋಡೆಯ ಮೇಲೆ ಸುಟ್ಟು ಕಪ್ಪಾದ ಇಟ್ಟಿಗೆಗಳಲ್ಲಿ ವಜ್ರದಾಕಾರದ ಸಾಲುಗಳಿದ್ದವು. ಕೆಳಗಿನವು ನೂಲು ಹಿಡಿದಂತೆ ನೆಟ್ಟಗೆ, ಮೇಲಿನವು ಸೊಟ್ಟಗೆ. ಗೋಡೆ ಏರಿದಂತೆಲ್ಲ ಗಾರೆಯವರ ಬಿಯರ್ ಪೀಪಾಯಿ ಇಳಿಯಿತೆಂದು ಊರವರ ಮಾತು.

ಈಗ ಅದು ಆಂಬ್ರೋಸ್ ಥರ್ಕೆಟಲ್ ಮತ್ತು ಅವನ ಅಕ್ಕ ಹೆಪ್ಸಿಬಾ ಇಬ್ಬರಿಗೂ ಸೇರಿದ್ದು. ಹೆಪ್ಸಿಗೆ ಮಾರಿಬಿಡುವ ಮನಸ್ಸು. ಕೊಳ್ಳಲು ಬಂದಿದ್ದ ಪಾಲ್ಗ್ರೇವ್ ಎಂಬ ಪೇಟೆಯ ಗುತ್ತಿಗೆದಾರ ಅದಕ್ಕೆ ಗಾಜಿನ ಕಿಟಕಿಗಳನ್ನಿಟ್ಟು ವಾಸದ ಮನೆ ಮಾಡುವವನಿದ್ದ. ಗೋಡೆಯುದ್ದಕ್ಕೂ ಇದ್ದ ಸೀಳುಗಿಂಡಿಗಳಿಂದ ಚಳಿಗಾಳಿ ಬರುತ್ತದೆಂದು, ಮುಚ್ಚಬೇಕಾದವಕ್ಕೆಲ್ಲ ಸೀಮೆಸುಣ್ಣದಿಂದ ಗುರುತೂ ಹಾಕಿದ್ದ.

"ನಿನ್ನ ಕಣದಮನೆ ಏನು ಕೆಲಸ ಮಾಡುತ್ತೆ ಹೇಳು," ಎಂದಿದ್ದಳು ಹೆಪ್ಸಿ. "ಗೂಬೆ ಸಾಕುತ್ತೆ, ಅಷ್ಟೆ."

"ಒಂದು ದಿನ ಕೊಡು. ಅಜ್ಜನ ಕಾಲದಲ್ಲಿ ಮಾಡಿದ ಕೆಲಸ ಮಾಡಿ ತೋರಿಸುತ್ತೆ."

"ಒಂದೇ ದಿನ. ಮಾಡದೆ ಹೋದರೆ ಪಾಲ್ಗ್ರೇವ್‌ಗೆ."

ಆಂಬ್ರೋಸ್ ಹೊಲದ ಒಂದು ಮೂಲೆಯನ್ನು ಕೊಯ್ಲು ಯಂತ್ರಕ್ಕೆ ಕೊಡದೆ ಉಳಿಸಿಕೊಂಡ. ಗೋಧಿ ಕೊಯ್ದು ಸಿವುಡು ಕಟ್ಟಿಸಿದ. ಹಳೆಯ ಬಂಡಿಗೆ ಬಣ್ಣ ಬಳಿದ. ನಡುವಿನ ಕಣದ ಎರಡೂ ಬದಿಯ ಅಂಕಣಗಳಲ್ಲಿ ಮೇಜು ಹಾಕಿಸಿ, ಹಂದಿಮಾಂಸ, ಉಪ್ಪಿನಕಾಯಿ ಹಾಕಿದ ಈರುಳ್ಳಿ, ಸೇಬಿನ ಕಡುಬು ಹರವಿ ಊರನ್ನೆಲ್ಲ ಸುಗ್ಗಿಯೂಟಕ್ಕೆ ಕರೆದ. ಕೊನೆಯ ಹೊರೆಯ ಮೇಲೆ ಮನೆಯ ಹೆಣ್ಣುಮಗಳು ಕೂತು ಬರಬೇಕೆಂಬ ಪದ್ಧತಿಯಂತೆ ಹೆಪ್ಸಿಯನ್ನು ಏಣಿಯಿಟ್ಟು ಹತ್ತಿಸಿದ.

ಬಂಡಿ ಎತ್ತರದ ಬಾಗಿಲಿನಿಂದ ಒಳಬಂದಾಗ ಊರು ಚಪ್ಪಾಳೆ ತಟ್ಟಿತು. ಆಂಬ್ರೋಸನ ಎದೆ ಉಬ್ಬಿತು. ಲಗಾಮು ಹಿಡಿದು ಕಣ ದಾಟಿ ಎದುರಿನ ಬಾಗಿಲ ಹತ್ತಿರ ಬಂದವನು ಹಾಗೇ ನಿಂತ. ಆ ಬಾಗಿಲು ಹೊರೆಯ ಸೊಂಟದಷ್ಟೇ ಇತ್ತು.

"ಬಂಡಿ ಯಾಕೆ ನಿಂತಿತು?" ತೊಲೆಯ ಪಕ್ಕದಿಂದ ಹೆಪ್ಸಿಯ ದನಿ ಬಂತು.

"ಬಾಗಿಲು ಗಿಡ್ಡ ಆಯ್ತು."

"ಅದು ಹುಟ್ಟಿದಾಗಿನಿಂದ ಗಿಡ್ಡವೇ. ಏಣಿ ತಾ."

ಏಣಿ ಹೊಲದಲ್ಲೇ ಉಳಿದಿತ್ತು. ಕ್ಯಾಪ್ಟನ್ ಎಂಬ ಕುದುರೆ ಹಿಂದಕ್ಕೆ ಹೆಜ್ಜೆಯಿಡಲು ಸುತರಾಂ ಒಪ್ಪದೆ, ಪಕ್ಕದ ಮೇಜಿನ ಕಡುಬಿಗೆ ಮೂತಿ ಹಾಕಿತು.

"ಆ ಬಾಗಿಲು ಒಡೆದರಾಯ್ತು," ಎಂದ ಊಟಕ್ಕೆ ಬಂದಿದ್ದ ಪಾಲ್ಗ್ರೇವ್. "ಹೇಗೂ ಅಲ್ಲಿ ಗಾಜು ಬರುತ್ತೆ."

"ಅಷ್ಟರಲ್ಲಿ ನಾನಿಲ್ಲೇ ಮುದುಕಿಯಾಗ್ತೀನಿ."

"ಇನ್ನೂ ಎಷ್ಟು ಆಗಬೇಕು ತಾಯಿ?" ಎಂದ ಹೆಂಡದಂಗಡಿಯ ಜೇಬೆಜ್. ಮೇಲಿನಿಂದ ಒಂದು ಸಿವುಡು ನೇರ ಅವನ ತಲೆಯ ಮೇಲೆ ಬಿತ್ತು.

ಬಿದ್ದ ಸಿವುಡನ್ನು ನೋಡಿದ ಹೆಪ್ಸಿ ಹೊರೆಯ ಅಂಚಿಗೆ ಬಗ್ಗಿದಳು.

"ಆಂಬ್ರೋಸ್, ಇಲ್ಲೇ ಇಳಿಸಬೇಕು ಕಣೋ. ತುಂಬಿದ ಬಂಡಿ ಎತ್ತರದ ಬಾಗಿಲಲ್ಲಿ ಬರುತ್ತೆ, ಬರಿದಾಗಿ ಗಿಡ್ಡ ಬಾಗಿಲಲ್ಲಿ ಹೋಗುತ್ತೆ. ಚಿಕ್ಕಂದಿನಲ್ಲಿ ನೋಡಿರಲಿಲ್ವಾ?"

ಆಂಬ್ರೋಸ್ ನೋಡಿರಲಿಲ್ಲ. ಆಗೆಲ್ಲ ಬಂಡಿ ಹೊಸ್ತಿಲು ದಾಟುತ್ತಲೇ ಹೊರಗೆ ಬಿಯರ್ ಹಂಚುತ್ತಿದ್ದರು. ಅವನ ಸುಗ್ಗಿಯ ನೆನಪೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.

"ಎಲ್ಲಿಗೆ ಇಳಿಸಲಿ? ಎರಡೂ ಅಂಕಣದಲ್ಲಿ ಊಟ ಇದೆ."

"ಊಟ ಎತ್ತು."

ತಟ್ಟೆಗಳು ಕಣಕ್ಕೆ ಬಂದವು, ಮೇಜುಗಳು ಹೊರಗೆ ಹೋದವು. ಮೇಲಿನಿಂದ ಸಿವುಡುಗಳು ಸುರಿಯತೊಡಗಿದವು. ಪಾದ್ರಿಯಿಂದ ಹಿಡಿದು ಜೇಬೆಜ್‌ನವರೆಗೆ ಎಲ್ಲರೂ ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸಿದರು. ಹೆಪ್ಸಿ ಟೋಪಿ ಹಿಂದಕ್ಕೆ ಸರಿಸಿ, ಹೊರೆಯ ಮೇಲೆ ಮಂಡಿಯೂರಿ ಎಲ್ಲರನ್ನೂ ಆಳುತ್ತಿದ್ದಳು.

"ತೆನೆ ಒಳಗೆ, ಬುಡ ಹೊರಗೆ. ಪಾಲ್ಗ್ರೇವ್, ಅದು ಮೆದೆ ರೀ, ದಿಂಬಲ್ಲ. ಗೋಡೆಗೆ ಒತ್ತಬೇಡಿ. ಕಿಂಡಿಯಿಂದ ಗಾಳಿ ಬರದಿದ್ದರೆ ಬೆಳೆ ಬೆಂದುಹೋಗುತ್ತೆ."

ಪಾಲ್ಗ್ರೇವ್ ತಾನೇ ಬೆಂದುಹೋಗಿದ್ದ. ಕೋಟು ಕಳಚಿ, ಹೊಟ್ಟಿನ ಧೂಳಿನಲ್ಲಿ ಕೆಮ್ಮುತ್ತ, ಸುಣ್ಣದ ಗುರುತಿದ್ದ ಒಂದು ಕಿಂಡಿಗೆ ಮುಖವೊಡ್ಡಿ ನಿಂತ. ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ತಿರುಗಿದಾಗ ಗುರುತು ಅವನ ಕೆನ್ನೆಗೆ ಬಂದಿತ್ತು.

ಹೊರೆ ತಗ್ಗಿ ಮೆದೆ ಏರಿದಾಗ ಹೆಪ್ಸಿ ಬಂಡಿಯಿಂದ ಮೆದೆಗೆ ದಾಟಿ, ಲಂಗ ಒತ್ತಿಹಿಡಿದು ಜಾರಿ ಕೆಳಗೆ ಬಂದಳು. ಬರಿದಾದ ಬಂಡಿ ಗಿಡ್ಡ ಬಾಗಿಲಿನ ಚೌಕಟ್ಟಿಗೆ ತಾಕದೆ ಹೊರಬಿತ್ತು. ಆಂಬ್ರೋಸ್ ಕುದುರೆಯನ್ನು ಬೇಲಿಗೆ ಕಟ್ಟಿ ಬರುವಷ್ಟರಲ್ಲಿ ಜನ ಸಿವುಡುಗಳ ಮೇಲೆ ಕೂತು ಉಣ್ಣುತ್ತಿದ್ದರು. ಪಾಲ್ಗ್ರೇವ್ ಮೊಣಕಾಲ ಮೇಲೆ ತಟ್ಟೆಯಿಟ್ಟುಕೊಂಡು, ತಾನು ಒಟ್ಟಿದ ಭಾಗವನ್ನು ಪಾದ್ರಿಗೆ ತೋರಿಸುತ್ತಿದ್ದ.

"ಏನಂತೀಯ?" ಆಂಬ್ರೋಸ್ ಅಕ್ಕನ ಪಕ್ಕ ಕೂತು ಮೆಲ್ಲಗೆ ಕೇಳಿದ.

ಹೆಪ್ಸಿ ಟೋಪಿಯೊಳಗಿನ ಹೊಟ್ಟು ಕೊಡವಿದಳು. ಈರುಳ್ಳಿಯೊಂದನ್ನು ಬಾಯಿಗೆ ಹಾಕಿಕೊಂಡು ಅಗಿದು ಮುಗಿಸಿದಳು.

"ಮುಂದಿನ ವರ್ಷ," ಎಂದಳು, "ಮೇಜು ಆಮೇಲೆ ಹಾಕು."