ಬಲೆ ಬಲೆ ಎಂದ ಅಜ್ಜಿ

ಕದ್ರಿ ಗುಡ್ಡದ ಗುಹೆಗಳ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಅವುಗಳನ್ನು ನೋಡಿದ್ದು, ಬರೆದು ಹನ್ನೊಂದು ತಿಂಗಳಾದ ಮೇಲೆ.

ಬರೆದದ್ದು ನನ್ನ ಹೆಸರಿನಲ್ಲಲ್ಲ, ಮಗಳು ಮನ್ವಿತಾಳ ಹೆಸರಿನಲ್ಲಿ. ಅವಳಾಗ ಐದನೇ ತರಗತಿ. ಊರಿನ ಎರಡು ಜಾಗಗಳನ್ನು ನೋಡಿ ಬಂದು ಪ್ರಬಂಧ ಬರೆಯಬೇಕೆಂದು ಶಾಲೆಯಲ್ಲಿ ಸ್ಪರ್ಧೆ ಇಟ್ಟಿದ್ದರು. ಕದ್ರಿಯ ಗುಹೆ ಮತ್ತು ನೇತ್ರಾವತಿಯ ನಡುವಿನ ಒಂದು ಕುದ್ರು ಎಂದು ನಾವಿಬ್ಬರೂ ಸೇರಿ ಆರಿಸಿದ್ದೆವು. ಹೊಳೆಯ ಮಧ್ಯದ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಅಲ್ಲಿ ಮೀನು ಹಿಡಿಯುವವರ ಹತ್ತಿಪ್ಪತ್ತು ಮನೆಗಳಿವೆ ಎಂದು ಕೇಳಿ ಗೊತ್ತಿತ್ತು. ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದೆ. ಮೊದಲನೆಯ ಭಾನುವಾರ ಲ್ಯಾಬಿನಲ್ಲಿ ಇನ್ನೊಬ್ಬಳ ಡ್ಯೂಟಿ ನನ್ನ ತಲೆಗೆ ಬಂತು. ಎರಡನೆಯದರಂದು ಬಟ್ಟೆ ಒಗೆದು ಹತ್ತು ನಿಮಿಷ ಮಲಗುತ್ತೇನೆಂದು ಮಲಗಿದವಳು ಎದ್ದದ್ದು ಸಂಜೆ ಐದಕ್ಕೆ. ಮನ್ವಿತಾ ಶೂ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದಳು. ನನ್ನನ್ನು ಎಬ್ಬಿಸಿರಲಿಲ್ಲ.

ಪ್ರಬಂಧ ಕೊಡಲು ಇನ್ನೊಂದೇ ದಿನ ಉಳಿದಾಗ, ಅತ್ತಾವರದ ಆಸ್ಪತ್ರೆಯ ಲ್ಯಾಬಿನಲ್ಲಿ ಮೆಷಿನು ರಕ್ತದ ಸ್ಯಾಂಪಲ್ ತಿರುಗಿಸುತ್ತಿರುವ ಹೊತ್ತಿನಲ್ಲಿ ಹಳೆಯ ರಿಪೋರ್ಟುಗಳ ಹಿಂಬದಿಯಲ್ಲಿ ಬರೆದುಬಿಟ್ಟೆ. ಗುಹೆಯೊಳಗೆ ಕಗ್ಗತ್ತಲು, ಟಾರ್ಚ್ ಬೆಳಕಿಗೆ ಎದ್ದು ಹಾರಿದ ಬಾವಲಿಗಳು. ಕುದ್ರುವಿನ ಪ್ರತಿ ಅಂಗಳದಲ್ಲೂ ಒಣಗಲು ಹರಡಿದ ಬಲೆ. ದೋಣಿ ಇಳಿಯುತ್ತಲೇ ಒಬ್ಬ ಅಜ್ಜಿ ನಗುತ್ತಾ 'ಬಲೆ ಬಲೆ' ಎಂದು ನಮ್ಮನ್ನು ಎದುರುಗೊಂಡದ್ದು. ಆ ಅಜ್ಜಿಯ ಸಾಲು ನನಗೇ ಬಹಳ ಇಷ್ಟವಾಗಿತ್ತು. ಮನ್ವಿತಾ ಅದನ್ನೆಲ್ಲ ತನ್ನ ಉರುಟು ಅಕ್ಷರದಲ್ಲಿ ಕಾಪಿ ಮಾಡಿದಳು. ಮೊದಲ ಬಹುಮಾನ ಬಂತು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅವಳ ಫೋಟೋದ ಜೊತೆ ಅಚ್ಚೂ ಆಯಿತು.

ಈ ವರ್ಷ ಕನ್ನಡ ಮಾಸ್ಟ್ರು ಇರ್ವಿನ್ ಸರ್, ಆರನೇ ತರಗತಿಯನ್ನು ಶನಿವಾರ ಅದೇ ಎರಡು ಜಾಗಗಳಿಗೆ ಕರೆದುಕೊಂಡು ಹೋಗುವುದಾಗಿಯೂ, ದಾರಿ ತೋರಿಸಿ ವಿವರಿಸುವವಳು ಮನ್ವಿತಾ ಎಂದೂ ಹೇಳಿಬಿಟ್ಟರು. ಅವಳು ಮನೆಗೆ ಬಂದು ಬ್ಯಾಗ್ ಕೂಡ ಇಳಿಸದೆ ಕೇಳಿದಳು.

"ಅಮ್ಮ, ಇನ್ನು ಎಂತ ಮಾಡುವ?"

ಬೈಯಲಿಲ್ಲ, ಅಳಲಿಲ್ಲ. 'ಮಾಡುವ' ಎಂದಳು. ನಾವಿಬ್ಬರೂ ಒಂದೇ ಕಡೆಯವರು ಎಂಬಂತೆ.

ಶನಿವಾರದ ಮೊದಲು ಒಂದೇ ಭಾನುವಾರ ಉಳಿದಿತ್ತು. ಗಂಡ ಪೃಥ್ವಿರಾಜನಿಗೆ ಭಾನುವಾರವೆಂದರೆ ಹೋಟೆಲಿನ ಹಾಲ್ ಬುಕಿಂಗ್. ಅವನು ಬರುವ ಹಾಗಿರಲಿಲ್ಲ. ಹೊರಡುವಾಗ ಮಾತ್ರ, "ನೀನೇ ನೋಡದ ಊರಿಗೆ ನಿನ್ನ ಮಗಳು ಗೈಡ್. ಒಳ್ಳೆ ಕಂಪೆನಿ ಮಾರಾಯ್ತಿ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಶಕ್ತಿನಗರದಿಂದ ನಂತೂರು ದಾಟಿ ಕೆಲಸಕ್ಕೆ ಹೋಗುವವಳು ನಾನು; ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಹದಿನಾಲ್ಕು ವರ್ಷದಿಂದ ಆ ಗುಡ್ಡದ ಪಕ್ಕದಲ್ಲೇ ಬಸ್ಸಿನಲ್ಲಿ ತೂಕಡಿಸಿದ್ದೇನೆ.

ಗುಹೆಗಳಲ್ಲಿ ಕತ್ತಲೆಯೇ ಇರಲಿಲ್ಲ. ಕೆಂಪು ಮುರಕಲ್ಲನ್ನು ಕೊರೆದು ಮಾಡಿದ ಸಣ್ಣ ಸಣ್ಣ ಕೋಣೆಗಳ ಹಾಗೆ. ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಇಟ್ಟರೆ ಹಿಂದಿನ ಗೋಡೆ ಸಿಗುತ್ತಿತ್ತು. ಬೆಳಗಿನ ಬಿಸಿಲು ಆ ಗೋಡೆಯವರೆಗೂ ಬಂದು ಬಿದ್ದಿತ್ತು. ನಂತೂರಿನ ಲಾರಿಗಳ ಹಾರ್ನ್ ಒಳಗೂ ಕೇಳುತ್ತಿತ್ತು. ಮನ್ವಿತಾ ಬ್ಯಾಗಿನಿಂದ ಟಾರ್ಚ್ ತೆಗೆದಳು, ಸುತ್ತ ನೋಡಿದಳು, ಪುನಃ ಒಳಗೆ ಹಾಕಿದಳು. ಆಮೇಲೆ ಗೋಡೆಗೆ ಅಂಗೈ ಒತ್ತಿ ತುಂಬ ಹೊತ್ತು ನಿಂತಳು. ತೆಗೆದಾಗ ಕೈ ಕೆಂಪಾಗಿತ್ತು.

"ಕಳೆದ ವರ್ಷ ಬಾವಲಿ ಇತ್ತು, ಜನ ಜಾಸ್ತಿಯಾಗಿ ಹೋದವು ಅಂತ ಹೇಳ್ತೇನೆ," ಎಂದಳು. "ಆಗ್ತದಲ್ಲ?"

ಮೊದಲು ನನಗಾದದ್ದು ಸಮಾಧಾನ. ನಾಚಿಕೆ ಬಂದದ್ದು ಮೆಟ್ಟಿಲು ಇಳಿಯುವಾಗ.

ಹೊಳೆಯ ಬದಿಗೆ ಮುಟ್ಟುವಾಗ ಹನ್ನೊಂದೂವರೆ ಆಗಿತ್ತು. ಕುದ್ರುವಿನ ದೋಣಿ ನಡೆಸುವವರು ಶೀನಪ್ಪ ಎಂಬ ಎಪ್ಪತ್ತರ ಹತ್ತಿರದ ಮನುಷ್ಯ. ನೀರು ಇಳಿದಿದೆ, ದೋಣಿ ಮರಳಿಗೆ ತಾಗಿದರೆ ಇಳಿದು ನಡೆಯಬೇಕಾದೀತು ಎಂದು ಮೊದಲೇ ಎಚ್ಚರಿಸಿದರು. ಹೊಳೆಯ ನಡುವೆ ಎದೆಮಟ್ಟದ ನೀರಿನಲ್ಲಿ ಹೆಂಗಸರು, ಗಂಡಸರು ನಿಂತಿದ್ದರು. ಕಾಲಿನಿಂದ ಮರಳು ತಡಕಿ, ಮುಳುಗಿ, ಬುಟ್ಟಿಗೆ ಏನೋ ತುಂಬುತ್ತಿದ್ದರು. ಮರುವಾಯಿ ಎಂದರು ಶೀನಪ್ಪ. ಆ ಚಿಪ್ಪುಮೀನಿನ ಪುಂಡಿ, ಸುಕ್ಕ ಎಲ್ಲ ನನ್ನ ಕೈಯಡುಗೆಯೇ. ಅದು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಲೆ ಇಲ್ಲವೇ ಎಂದು ಕೇಳಿದೆ. ಎರಡು ಮನೆಯವರದ್ದು ಉಂಟು, ಉಳಿದವರದ್ದೆಲ್ಲ ಮರುವಾಯಿಯೇ ಎಂದರು. ಮನ್ವಿತಾ ನನ್ನ ಮುಖ ನೋಡಿದಳು. ಪ್ರತಿ ಅಂಗಳದಲ್ಲೂ ಬಲೆ ಹರಡಿದ್ದು ನಾನು.

ದಡದಲ್ಲಿ ಶೀನಪ್ಪನವರ ಹೆಂಡತಿ ರತ್ನಾವತಿ ನಿಂತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ನಮ್ಮ ಗುರುತು ಸಿಗದಿದ್ದರೂ ಬಾಯಿ ತುಂಬ ಕರೆದರು.

"ಬಲೆ, ಬಲೆ."

ನಾನು ಹುಟ್ಟಿಸಿದ ಅಜ್ಜಿ ಎದುರು ನಿಂತಿದ್ದಳು. ಮನ್ವಿತಾ ಮಾತ್ರ ಅವರ ಬರಿಗೈ ನೋಡಿದಳು, ಹಿಂದೆ ಮುಂದೆ ನೋಡಿದಳು, ನನ್ನ ಚೂಡಿದಾರ್ ಹಿಡಿದೆಳೆದು ಮೆಲ್ಲಗೆ ಕೇಳಿದಳು.

"ಅಮ್ಮ, ಅದು ತುಳುವಿನ ಬಲೆಯಾ? ಬನ್ನಿ ಅಂತಲಾ?"

"ಮತ್ತೆಂತ ಅಂದುಕೊಂಡಿದ್ದಿ?"

"ಪ್ರೈಜ್ ಕೊಟ್ಟ ದಿನ ಸರ್ ಕೇಳಿದ್ರು, ಅಜ್ಜಿ ಬಲೆ ಬಲೆ ಅಂದದ್ದು ಯಾಕೆ ಅಂತ. ಮೀನಿನ ಬಲೆ ತೋರಿಸಿದ್ರು ಸರ್, ದೊಡ್ಡದಿತ್ತು ಅಂದೆ."

"ಸರ್ ಎಂತ ಅಂದ್ರು?"

"ಎಂತ ಇಲ್ಲ. ಹೌದಾ ಅಂದ್ರು."

ಮನೆಯಲ್ಲಿ ಅತ್ತೆ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಕನ್ನಡದ ಪ್ರಬಂಧದಲ್ಲಿ, ಮೀನುಗಾರರ ಊರಿನ ನಡುವೆ ಅಚ್ಚಾದಾಗ ಮಗು ಅದನ್ನು ಕನ್ನಡವಾಗಿಯೇ ಓದಿತ್ತು. ಅದನ್ನು ಕಿವಿಯಿಂದ ಕೇಳಿದ್ದರೆ ತಪ್ಪುತ್ತಿರಲಿಲ್ಲ. ಇರ್ವಿನ್ ಸರ್ ಮನೆಯಲ್ಲಿ ಕೊಂಕಣಿ ಮಾತಾಡುವವರಾದರೂ ಅವರ ತುಳು ನನ್ನದಕ್ಕಿಂತ ಚೆನ್ನಾಗಿದೆ. ಅವರಿಗೆ ಆವತ್ತೇ ಗೊತ್ತಾಗಿದೆ.

ಅಷ್ಟು ತಿಳಿದ ಮೇಲಾದರೂ ನಾನು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಸರ್‌ಗೆ ಗೊತ್ತಿದ್ದರೂ ನಲವತ್ತು ಮಕ್ಕಳ ಎದುರು ಅವಳ ಮರ್ಯಾದೆ ಹೋಗಬಾರದಲ್ಲ ಎಂದುಕೊಂಡೆ. ಮನ್ವಿತಾ ಚಿಪ್ಪಿನ ರಾಶಿಯ ಹತ್ತಿರ ಹೋಗಿದ್ದಾಗ ರತ್ನಾವತಿಯವರ ಪಕ್ಕ ಜಗಲಿಯಲ್ಲಿ ಕೂತು, ಶನಿವಾರ ಶಾಲೆಯವರು ಬಂದರೆ ನಾವು ಕಳೆದ ವರ್ಷವೂ ಬಂದಿದ್ದೆವೆಂದು ಒಂದು ಮಾತು ಹೇಳಬಹುದೇ ಎಂದು ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ.

"ಹೇಳುವ ಅಕ್ಕ, ಅದಕ್ಕೆಂತ? ಆದ್ರೆ ಮಗು ಎಂತ ಹೇಳ್ತದೆ ಅಂತ ನನಗೆ ಗೊತ್ತಿರ್ಬೇಕು. ಇಲ್ಲದಿದ್ರೆ ಅವಳದ್ದೊಂದು ನನ್ನದೊಂದು ಆಗ್ತದೆ."

ಅವರೇ ಮನ್ವಿತಾಳನ್ನು ಕರೆದರು. ನಾನು ತಡೆಯಲಿಲ್ಲ. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ವಿಷಯ ಏನೆಂದು ಅಷ್ಟರಲ್ಲೇ ಅವಳಿಗೆ ಅರ್ಥವಾಯಿತು. ಕೈಕಟ್ಟಿ ನಿಂತು ಶುರುಮಾಡಿದಳು. "ಅಜ್ಜಿ, ಕಳೆದ ಸಲ ಬಂದಾಗ ನಿಮ್ಮ ಕಾಲಿಗೆ ಪೆಟ್ಟಾಗಿತ್ತಲ್ಲ, ಈಗ ಗುಣ ಆಯ್ತಾ?"

ರತ್ನಾವತಿ ಬೆರಗಾಗಿ ನಕ್ಕರು. "ಅಬ್ಬ, ಇವಳಿಗೆ ಕಲಿಸುವುದೇ ಬೇಡ. ಬಾಯಲ್ಲೇ ಉಂಟು."

ಮನ್ವಿತಾ ನನ್ನ ಕಡೆ ತಿರುಗಿದಳು. ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದಾಗ ತಿರುಗುವ ಹಾಗೆ. ಚೆನ್ನಾಗಿತ್ತು ಎನ್ನುತ್ತೇನೆಂದು ಕಾಯುತ್ತಿದ್ದಳು.

"ಬೇಡ," ಎಂದೆ. "ಅಜ್ಜಿ, ನಾನು ಕೇಳಿದ್ದು ಬಿಟ್ಟುಬಿಡಿ. ಎಂತ ಹೇಳುವುದೂ ಬೇಡ."

ಅವರಿಗೆ ಅದೂ ವಿಚಿತ್ರವೇನಲ್ಲ. ಆಗಲಿ ಎಂದು ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಮರುವಾಯಿ ತಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ತೊಟ್ಟೆಯಷ್ಟು ಭಾರದ ವಸ್ತುವನ್ನು ನಾನು ಈಚೆಗೆ ಹೊತ್ತಿಲ್ಲ.

ದೋಣಿಯಲ್ಲಿ, ಸರ್‌ಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆ. ಮನ್ವಿತಾಳ ಸಿಟ್ಟು ಆಗ ಹೊರಗೆ ಬಂತು. ಬರೆದದ್ದು ನೀವು, ಹೇಳುವುದೂ ನೀವು, ಕ್ಲಾಸಿನಲ್ಲಿ ಕೂರುವುದು ಮಾತ್ರ ನಾನು ಎಂದಳು. ಶೀನಪ್ಪ ಕೇಳಿಸದವರ ಹಾಗೆ ಹುಟ್ಟು ಹಾಕುತ್ತಿದ್ದರು. ಅವಳು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಒಂದೂ ಇರಲಿಲ್ಲ.

ದಡ ಹತ್ತಿದ ಕೂಡಲೇ, ಧೈರ್ಯ ಹೋಗುವ ಮೊದಲು ಫೋನ್ ಮಾಡಿದೆ. ಇರ್ವಿನ್ ಸರ್ ಊಟಕ್ಕೆ ಕೂತಿದ್ದರಂತೆ. ನಾನು ನಿಲ್ಲಿಸದೆ ಎಲ್ಲ ಹೇಳಿದೆ, ಅಜ್ಜಿಯ ಹತ್ತಿರ ಕೇಳಿಕೊಂಡದ್ದೊಂದನ್ನು ಬಿಟ್ಟು.

"ಬಲೆ ದೊಡ್ಡದಿತ್ತು ಅಂದಾಗಲೇ ನನಗೆ ಗೊತ್ತಾಯ್ತು ಮೇಡಂ. ಪ್ರಬಂಧ ಒಳ್ಳೆದಿತ್ತು, ಆದ್ರೆ ಮಗು ಅದರೊಳಗೆ ಇರ್ಲಿಲ್ಲ. ಗೈಡ್ ಮಾಡಿದ್ರೆ ಹೇಗಾದ್ರೂ ಒಮ್ಮೆ ಕರ್ಕೊಂಡು ಹೋಗ್ತೀರಿ ಅಂತ ಅಂದಾಜು ಮಾಡಿದೆ. ಶನಿವಾರ ಅವಳೇ ದಾರಿ ತೋರಿಸ್ಲಿ. ಅಷ್ಟರೊಳಗೆ ಇನ್ನೊಮ್ಮೆ ಬರೀಲಿ. ನೀವು ಮುಟ್ಟಬೇಡಿ."

ಮನೆಗೆ ಬಂದು ನಾನು ಮರುವಾಯಿ ತೊಳೆಯಲು ಕೂತೆ. ಮನ್ವಿತಾ ಊಟದ ಮೇಜಿನ ಮೇಲೆ ಪುಸ್ತಕ ಹರಡಿದಳು. ಸಂಜೆಯ ಹೊತ್ತಿಗೆ ಒಂದೂವರೆ ಪುಟವಾಗಿತ್ತು. ತಂದು ನನ್ನ ಎದುರು ಹಿಡಿದಳು. ನನ್ನ ಕೈ ಒದ್ದೆಯಿತ್ತು.

'ಗುಹೆಯಲ್ಲಿ ಬಾವಲಿ ಇಲ್ಲ. ಗುಹೆ ಕೈಗೆ ಅಂಟುತ್ತದೆ' ಎಂದು ಶುರುವಾಗಿತ್ತು. ಹೊಳೆಯಲ್ಲಿ ನಿಂತವರ ತಲೆ, ಹೆಗಲು ಮಾತ್ರ ಕಾಣುವುದನ್ನು ಬರೆದಿದ್ದಳು. ಅಜ್ಜಿ ಬಲೆ ಬಲೆ ಎಂದದ್ದು, ತಾನು ಬಲೆ ಹುಡುಕಿದ್ದು. ಕೊನೆಯಲ್ಲಿ ಹೀಗಿತ್ತು: 'ಅಮ್ಮ ಅಜ್ಜಿಯ ಹತ್ತಿರ ಸುಳ್ಳು ಹೇಳಲು ಹೇಳಿದರು. ಅಜ್ಜಿ ಆಗಬಹುದು ಎಂದರು. ನಾನು ಚೆನ್ನಾಗಿ ಹೇಳಿದೆ. ಆಮೇಲೆ ಅಮ್ಮ ಬೇಡ ಎಂದರು. ಅಜ್ಜಿ ನಮಗೆ ಮರವಾಯಿ ಕೊಟ್ಟರು.'

"ಇದು ಇರ್ಲಾ, ತೆಗೀಲಾ?"

ಫೋನಿನಲ್ಲಿ ಸರ್‌ಗೆ ಹೇಳದೆ ಬಿಟ್ಟದ್ದು ಅದೊಂದೇ. ಅದು ಅವರ ಕೈಗೆ ಹೋಗುತ್ತದೆ. ಗಟ್ಟಿಯಾಗಿ ಓದಿಸಿದರೆ ತರಗತಿಗೂ, ಅಲ್ಲಿಂದ ನಲವತ್ತು ಮನೆಗಳಿಗೂ. ತೆಗೆ ಎಂದರೆ ಅವಳು ಮರುಮಾತಾಡದೆ ತೆಗೆಯುತ್ತಾಳೆ ಎಂದೂ ಗೊತ್ತಿತ್ತು.

"ಇರ್ಲಿ," ಎಂದೆ.

ಮರುವಾಯಿಯ 'ರು' ತಪ್ಪಿತ್ತು. ಅದನ್ನೂ ಮುಟ್ಟಲಿಲ್ಲ.